ಗೌರವ್ವತ್ತಿಯ ಎಣಿಕೆ

ಗೌರವ್ವತ್ತಿ ಎಣಿಸುವಾಗ ಬೆರಳು ಮಡಚುತ್ತಿರಲಿಲ್ಲ, ತಲೆ ಮುಟ್ಟುತ್ತಿದ್ದರು. ಮೊದಲು ನನ್ನ ಮಗ ಶರಣುವಿನ ತಲೆ, ಆಮೇಲೆ ಮಗಳು ಸೃಷ್ಟಿಯ ತಲೆ, ಆಮೇಲೆ ನನ್ನ ಭುಜ, ಕೊನೆಗೆ ನನ್ನ ಗಂಡನ ಬೆನ್ನಿಗೆ ಒಂದು ಹಗುರ ಏಟು. “ನಾಕ ಮಂದಿ. ಬರೋಬರಿ.” ಇಷ್ಟಾದ ಮೇಲೆಯೇ ಗಾಡಿ ಬಿಡಬೇಕು. ರಾಮದುರ್ಗದ ನಮ್ಮ ಮನೆಯಿಂದ ಸವದತ್ತಿಗೆ ಹೊರಟರೂ ಇದೇ ಶಾಸ್ತ್ರ, ನವಿಲುತೀರ್ಥದ ಅಣೆಕಟ್ಟು ನೋಡಿ ಮರಳುವಾಗಲೂ ಇದೇ ಶಾಸ್ತ್ರ. ಆ ಎಣಿಕೆಯಲ್ಲಿ ತಮ್ಮನ್ನು ಮಾತ್ರ ಅವರು ಎಂದೂ ಸೇರಿಸಿಕೊಂಡವರಲ್ಲ.

ಅವರು ನನ್ನ ಮಾವನ ತಂಗಿ. ಹೂಲಿಗೆ ಮದುವೆಯಾಗಿ ಹೋಗಿ, ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದರು. ನನ್ನ ಗಂಡನನ್ನು ಎತ್ತಿ ಆಡಿಸಿದವರು ಅವರೇ, ನನ್ನ ಇಬ್ಬರು ಮಕ್ಕಳಿಗೆ ಎಣ್ಣೆ ಹಚ್ಚಿ ಎರೆದವರೂ ಅವರೇ. ನಾನು ಬೈಲಹೊಂಗಲದಿಂದ ಸೊಸೆಯಾಗಿ ಬಂದಾಗ ರೊಟ್ಟಿ ಬಡಿಯಲು ಬರದ ನನ್ನ ಕೈ ನೋಡಿ, ಬೈಲಹೊಂಗಲದವರು ಬರೀ ಕಡಬು ತಿಂದೇ ಬೆಳೆಯುತ್ತಾರೇನು ಎಂದು ಕೇಳಿದ್ದರು. ಅವರ ಬಗ್ಗೆ ಬರೆಯಲು ಕೂತರೆ ಇಂಥವೆಲ್ಲ ಸಾಲಾಗಿ ನೆನಪಾಗುತ್ತವೆ, ಆದರೆ ಏನೂ ಅನ್ನಿಸುವುದಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ದವಡೆಯ ಹಾಗೆ ಆಗಿದೆ. ಮುಟ್ಟಿದರೆ ನನ್ನದೇ ಎಂದು ಗೊತ್ತಾಗುತ್ತದೆ, ಅಷ್ಟೇ.

ಅತ್ತಿಯ ಸೆರಗಿನ ತುದಿಗೆ ಸದಾ ಒಂದು ಗಂಟು ಇರುತ್ತಿತ್ತು. ಅದರಲ್ಲಿ ಯಾಲಕ್ಕಿ. ಸೃಷ್ಟಿಗೆ ಗಾಡಿಯಲ್ಲಿ ಕೂತರೆ ವಾಂತಿ, ಅದಕ್ಕೆ ಅದೇ ಮದ್ದು. ಮಕ್ಕಳಿಗೆ ಅವರು ಕಲಿಸಿದ್ದು ಒಂದೇ ಕಾನೂನು: “ತಪ್ಪಿಸಿಕೊಂಡ್ರ ಓಡ್ಯಾಡಬ್ಯಾಡ್ರಿ. ಅಲ್ಲೇ ಕುಂದರ್ರಿ. ಹುಡಕಾವ್ರು ಬರತಾರ.” ಸಂತೆಗೆ ಹೊರಟರೂ ಇದನ್ನು ಒಮ್ಮೆ ಒಪ್ಪಿಸಬೇಕಿತ್ತು. ಶರಣು ಮಗ್ಗಿಗಿಂತ ಮೊದಲು ಕಲಿತದ್ದು ಇದನ್ನೇ.

ನಮ್ಮದು ಬೀಜ-ಗೊಬ್ಬರದ ಅಂಗಡಿ. ಒಂದು ವರ್ಷ ವ್ಯಾಪಾರ ಚೆನ್ನಾಗಿ ಆಯಿತೆಂದು ಕಂಪನಿಯವರು ಅಂಗಡಿಯವರನ್ನೆಲ್ಲ ಜೋಡಿ ಸಮೇತ ಸಿಂಗಪುರಕ್ಕೆ ಕಳಿಸಿದರು. ಆಗ ಶರಣುವಿಗೆ ಆರು ವರ್ಷ, ಸೃಷ್ಟಿಗೆ ಎರಡೂವರೆ. ಮಕ್ಕಳನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ, ಕರೆದುಕೊಂಡು ಹೋದರೆ ಒಬ್ಬಳಿಂದ ಆಗುವುದಿಲ್ಲ. ಕೊನೆಗೆ ಅತ್ತಿಗೂ ಪಾಸ್‌ಪೋರ್ಟ್ ಮಾಡಿಸಿದೆವು. ಅವರು ಒಂದು ವಾರ ಮೊದಲಿನಿಂದ ಖಡಕ್ ರೊಟ್ಟಿ ಬಡಿದು, ಶೇಂಗಾ ಚಟ್ನಿ ಕುಟ್ಟಿ, ಮಾದಲಿ ಮಾಡಿ, ಸಿಂಗಪುರದಲ್ಲಿ ಅಡುಗೆಯೆಂಬುದೇ ಇಲ್ಲವೇನೋ ಎಂಬಂತೆ ಡಬ್ಬಿ ತುಂಬಿದರು.

ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮೊದಲ ತಕರಾರು. ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆಯನ್ನು, ಒಳಗಿನ ಇಷ್ಟಲಿಂಗದ ಸಮೇತ ತೆಗೆದು ತಟ್ಟೆಯಲ್ಲಿಡಬೇಕೆಂದು ತಪಾಸಣೆಯ ಹುಡುಗಿ ಹೇಳಿದಳು. ಲಿಂಗ ಮೈಬಿಟ್ಟು ಇರುವಂತಿಲ್ಲ ಎಂದು ಅತ್ತಿ ಬಹಳ ಸಮಾಧಾನದಿಂದ ತಿಳಿಸಿ ಹೇಳಿದರು. ಆಮೇಲೆ ತಟ್ಟೆಗಳನ್ನು ನುಂಗುತ್ತಿದ್ದ ಯಂತ್ರದ ಬಾಯನ್ನು ಬಗ್ಗಿ ನೋಡಿ, “ಹಂಗಿದ್ರ ನಾನೂ ಇದರಾಗ ಮಕ್ಕೊಂಡ ಬರ್ಲ್ಯಾ?” ಎಂದು ಕೇಳಿದರು. ಚಾಷ್ಟಿಗಲ್ಲ, ನಿಜವಾಗಿಯೇ ಕೇಳಿದ್ದು. ಹುಡುಗಿ ನಗು ತಡೆದುಕೊಂಡು ಅವರನ್ನು ಪರದೆಯ ಹಿಂದೆ ಕರೆದೊಯ್ದು ಕೈಯಿಂದಲೇ ತಪಾಸಣೆ ಮಾಡಿ ಬಿಟ್ಟಳು. ಹೊರಬಂದವರೇ ನಮ್ಮ ನಾಲ್ವರನ್ನೂ ಎಣಿಸಿದರು.

ಮೂರನೆಯ ದಿನ ಸಿಂಗಪುರದ ಮೆಟ್ರೋ ರೈಲು ಹತ್ತುವಾಗ ನೂಕುನುಗ್ಗಲಿತ್ತು. ಅತ್ತಿ ಬಾಗಿಲ ಬಳಿ ನಿಂತು ಒಬ್ಬೊಬ್ಬರನ್ನೇ ಮುಟ್ಟಿ ಒಳಗೆ ತಳ್ಳಿದರು. ಶರಣು, ಸೃಷ್ಟಿಯನ್ನು ಎತ್ತಿಕೊಂಡ ನಾನು, ಮಡಚಿದ ಮಕ್ಕಳ ಗಾಡಿ ಹಿಡಿದ ಗಂಡ. ನಾಲ್ಕು ಮುಗಿಯಿತು, ಬಾಗಿಲು ಮುಚ್ಚಿತು. ಗಾಜಿನ ಆಚೆ ಅತ್ತಿ ನಿಂತಿದ್ದರು. ಅವರ ಮುಖದಲ್ಲಿ ಗಾಬರಿ ಇರಲಿಲ್ಲ, ಎಣಿಕೆ ಸರಿಹೋದ ಸಮಾಧಾನವಿತ್ತು. ರೈಲು ಹೊರಟಿತು.

ಅವರಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು, ಅವರ ಮೊಬೈಲೂ ನನ್ನ ಚೀಲದಲ್ಲಿ. ಮುಂದಿನ ನಿಲ್ದಾಣದಲ್ಲಿ ಇಳಿದು, ಎದುರಿನ ರೈಲು ಹತ್ತಿ ಮರಳುವಷ್ಟರಲ್ಲಿ ನಾನೂ ಗಂಡನೂ ಒಬ್ಬರಿಗೊಬ್ಬರು ಬೈದು ಮುಗಿಸಿದ್ದೆವು. ಬಾಗಿಲು ಪೂರ್ತಿ ತೆರೆಯುವ ಮೊದಲೇ ನಾನು ಹೊರಗೆ ನುಗ್ಗಿದೆ. ಆಗೆಲ್ಲ ನನಗೆ ಭಯ, ದುಃಖ ಎಲ್ಲ ಅನ್ನಿಸುತ್ತಿತ್ತು.

ಅತ್ತಿ ಬಿಟ್ಟಲ್ಲೇ ಇದ್ದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಶರಣುವಿನ ನೀರಿನ ಬಾಟಲಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸಮವಸ್ತ್ರದ ಹುಡುಗಿಯೊಬ್ಬಳು ಕುರ್ಚಿ ತಂದಿಟ್ಟು ಪಕ್ಕದಲ್ಲಿ ನಿಂತಿದ್ದಳು. ಅದರಲ್ಲಿ ಕೂರಬೇಕೆಂದರೆ ಇದ್ದ ಜಾಗ ಬಿಟ್ಟು ಏಳಬೇಕಲ್ಲ, ಅದಕ್ಕೇ ಅತ್ತಿ ಕೂತಿರಲಿಲ್ಲ. ಎದ್ದು ನಾಲ್ವರನ್ನೂ ಮುಟ್ಟಿದ ಮೇಲೆ ನನ್ನ ಮುಖ ನೋಡಿದರು.

“ಎದಕ ಹೆದರಿದ್ಯವ್ವಾ? ನಾ ಕುಂತ ಜಾಗಾ ಬಿಡಲಿಲ್ಲಲ್ಲ. ನೀವು ಬರತೀರಿ ಅಂತ ಗೊತ್ತಿತ್ತು.”

ನಾನು ಅಲ್ಲೇ, ಅಷ್ಟು ಜನರ ನಡುವೆ, ಅತ್ತುಬಿಟ್ಟೆ. “ಇನ್ನ ಮ್ಯಾಲ ನಾ ಎಣಸತೇನ್ರಿ ಅತ್ತಿ. ಐದ ಮಂದಿ,” ಎಂದೆ. ಅವರು ಸೆರಗಿನ ಗಂಟು ಬಿಚ್ಚಿ ನನ್ನ ಬಾಯಿಗೂ ಒಂದು ಯಾಲಕ್ಕಿ ಹಾಕಿದರು.

ಆ ಪ್ರವಾಸ ಮುಗಿಯುವವರೆಗೂ ನಾನು ಐದು ಎಣಿಸಿದೆ. ಊರಿಗೆ ಬಂದ ಮೇಲೂ ಕೆಲವು ತಿಂಗಳು ಎಣಿಸಿದೆ. ಆಮೇಲೆ ಅದು ಮತ್ತೆ ಅವರ ಕೆಲಸವಾಯಿತು, ಮತ್ತೆ ನಾಲ್ಕಾಯಿತು.

ಮೂರು ವರ್ಷದ ನಂತರ, ಕಳೆದ ಬೇಸಿಗೆಯಲ್ಲಿ, ದುಬೈಗೆ ಹೊರಟೆವು. ಅತ್ತಿಯ ಮೊಣಕಾಲು ನೋಯುತ್ತಿದೆ, ಅಷ್ಟು ನಡೆಯಲು ಆಗದು ಎಂದು ಎಲ್ಲರಿಗೂ ಹೇಳಿದೆ. ನೋವಿದ್ದದ್ದು ಸುಳ್ಳಲ್ಲ. ಆದರೆ ಗಾಲಿಕುರ್ಚಿ ಸಿಗುತ್ತದೆಂದು ನನ್ನ ಗಂಡ ಎರಡು ಸಲ ಹೇಳಿದ್ದರು. ನಿಜವೇನೆಂದರೆ, ಒಂದು ಸಲವಾದರೂ ನಾವು ನಾಲ್ವರೇ ಹೋಗಬೇಕೆಂದು ನನಗೆ ಆಸೆಯಾಗಿತ್ತು. ರೊಟ್ಟಿಯ ಡಬ್ಬಿ ಇಲ್ಲದೆ, ಹೋಟೆಲಿನ ಕೋಣೆಯಲ್ಲಿ ಪೂಜೆಗೆ ಜಾಗ ಹುಡುಕದೆ, ಹಾಯಾಗಿ. ನಾಲ್ಕೇ ಟಿಕೆಟ್ ತೆಗೆಸಿದ್ದೇವೆ ಎಂದು ಅತ್ತಿಗೆ ನಾನೇ ಹೇಳಿದೆ. ವಿಮಾನ ಎಷ್ಟು ತಾಸಿನದು ಎಂದಷ್ಟೇ ಅವರು ಕೇಳಿದ್ದು. ಡಬ್ಬಿಯನ್ನಂತೂ ಕಟ್ಟಿಯೇ ಕಟ್ಟಿದರು.

ಹೊರಡುವ ದಿನ ಗೇಟಿನ ತನಕ ಗೋಡೆ ಹಿಡಿದುಕೊಂಡು ಬಂದರು. ಶರಣು ಎತ್ತರವಾಗಿದ್ದಾನೆ, ಅವನ ತಲೆ ಮುಟ್ಟಲು ಕೈಯನ್ನು ಭುಜದ ಮಟ್ಟಕ್ಕೆ ಎತ್ತಬೇಕಾಯಿತು. ಸೃಷ್ಟಿ, ನನ್ನ ಭುಜ, ಗಂಡನ ಬೆನ್ನು. ಎಣಿಸಿ ಮುಗಿದ ಮೇಲೆ ಎಂದಿನ ಹಾಗೆ ತಾವೇ ಹೇಳಲಿಲ್ಲ, ನನ್ನನ್ನು ಕೇಳಿದರು.

“ನಾಕ ಮಂದಿ. ಬರೋಬರಿ ಅದ, ಅಲ್ಲವಾ?”

“ಹೌದ್ರಿ ಅತ್ತಿ. ಬರೋಬರಿ ಅದ.”

ಅವರ ಜೊತೆ ನಾನು ಆಡಿದ ಕೊನೆಯ ಮಾತು ಇದು.

ನಾಲ್ಕನೆಯ ಬೆಳಿಗ್ಗೆ ಹೋಟೆಲಿನಲ್ಲಿ ತಿಂಡಿ ತಿನ್ನುವಾಗ ಪಕ್ಕದ ಮನೆಯ ಕಾಕಾ ಫೋನು ಮಾಡಿದರು. ಅತ್ತಿ ಪೂಜೆಗೆ ಕೂತವರು ಎದ್ದಿರಲಿಲ್ಲ. ಗಂಡ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತರು. ಸೃಷ್ಟಿ ಬ್ರೆಡ್ಡಿಗೆ ಜಾಮ್ ಹಚ್ಚು ಎಂದಳು, ಹಚ್ಚಿದೆ. ಅಂಚಿನವರೆಗೂ ಹಚ್ಚು ಎಂದಳು, ಹಚ್ಚಿದೆ. ಆವತ್ತಿನಿಂದ ಹೀಗೇ ಇದ್ದೇನೆ.

ಮರುದಿನ ಗೋವಾಕ್ಕೆ ವಿಮಾನ ಸಿಕ್ಕಿತು. ಅಲ್ಲಿಂದ ಕಾರಿನಲ್ಲಿ ಘಟ್ಟ ಹತ್ತಿ ಬೆಳಗಾವಿ ದಾಟಿ ಬಂದೆವು. ಬೈಲಹೊಂಗಲದಲ್ಲಿ ನನ್ನ ತವರಿನ ಓಣಿ ಬಂತು, ನಿಲ್ಲಿಸಲಿಲ್ಲ. ಸವದತ್ತಿ ದಾಟಿದ ಮೇಲೆ ಸೃಷ್ಟಿ ವಾಂತಿ ಮಾಡಿಕೊಂಡಳು. ಇಡೀ ಚೀಲ ಹುಡುಕಿದೆ, ನನ್ನ ಹತ್ತಿರ ಒಂದು ಯಾಲಕ್ಕಿಯೂ ಇರಲಿಲ್ಲ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸಿ ಕಳಿಸುವುದಿಲ್ಲ, ಕೂರಿಸುತ್ತಾರೆ. ಪಡಸಾಲೆಯ ಗೋಡೆಗೆ ಆನಿಸಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಬಾಗಿಲಿಗೆ ಮುಖ ಮಾಡಿ ಅತ್ತಿಯನ್ನು ಕೂರಿಸಿದ್ದರು. ಬೆನ್ನು ನೆಟ್ಟಗಿತ್ತು. ಭಜನೆಯವರು ಹಾಡು ನಿಲ್ಲಿಸಿದರು. “ನೀವು ಬರೂತನಕ ಎತ್ತೂದ ಬ್ಯಾಡ ಅಂತ ಕೂಡಸೇವ್ರಿ,” ಎಂದು ಕಾಕಾ ನನಗೆ ಹೇಳಿದರು.

ಶರಣು ಚಪ್ಪಲಿ ಬಿಟ್ಟು ಸೀದಾ ಹೋಗಿ ಅವರ ಮುಂದೆ ಮಂಡಿಯೂರಿ ತಲೆ ಬಗ್ಗಿಸಿದ. ಸೃಷ್ಟಿಯೂ ಅವನ ಪಕ್ಕದಲ್ಲಿ ಬಗ್ಗಿಸಿದಳು. ಇಬ್ಬರೂ ಹಾಗೆಯೇ ಕಾಯುತ್ತ ಕೂತರು. ಯಾರೂ ಮುಟ್ಟಲಿಲ್ಲ. ಆಗ ನಾನು ಹೋಗಿ ಶರಣುವಿನ ತಲೆ ಮುಟ್ಟಿದೆ, ಸೃಷ್ಟಿಯ ತಲೆ ಮುಟ್ಟಿದೆ, ಹಿಂದೆ ನಿಂತಿದ್ದ ಗಂಡನ ಬೆನ್ನು ಮುಟ್ಟಿದೆ, ಅತ್ತಿಯ ಭುಜ ಮುಟ್ಟಿದೆ. ಐದು ಎಣಿಸುತ್ತೇನೆಂದು ಅವರಿಗೆ ಮಾತು ಕೊಟ್ಟಿದ್ದೆ. ಎಣಿಕೆ ನಾಲ್ಕಕ್ಕೇ ನಿಂತಿತು. ನನ್ನನ್ನು ನಾನು ಎಣಿಸಿಕೊಂಡಿರಲಿಲ್ಲ.