ಹೊಲಿದಿಟ್ಟ ಅಧ್ಯಾಯ

ಅವರ ಎಡಗೈಯ ತೋರುಬೆರಳಿನ ತುದಿ ದರ್ಜಿ ಬೆರಳಿಗೆ ತೊಡುವ ಅಂಗುಸ್ತಾನದಂತಿತ್ತು. ಹತ್ತಿರದಿಂದ ನೋಡಿದರೆ ಚರ್ಮದ ತುಂಬ ಸೂಜಿ ಚುಚ್ಚಿದ ಸಣ್ಣ ಕಪ್ಪು ಗುಳಿಗಳು. ಹಿಂದೊಮ್ಮೆ ಬೇರೆ ಕಡೆ ಬರೆಯುವಾಗ ಅದನ್ನು ಬಲಗೈ ಎಂದಿದ್ದೆ. ತಪ್ಪು. ಸೂಜಿ ಹಿಡಿದ ಕೈಗೆ ಸೂಜಿ ಚುಚ್ಚುವುದಿಲ್ಲ; ಹಾಳೆ ಹಿಡಿದ ಕೈಗೆ ಚುಚ್ಚುತ್ತದೆ. ಅವರ ಬಗ್ಗೆ ನಾನು ಅಲ್ಲಿ ಇಲ್ಲಿ ಹೇಳಿರುವ ಮಾತುಗಳಲ್ಲಿ ಇದಕ್ಕಿಂತ ದೊಡ್ಡ ತಪ್ಪೊಂದಿದೆ. ಅದನ್ನು ತಿದ್ದುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಯಶವಂತಪುರದ ರೈಲ್ವೆ ಗೇಟಿನಾಚೆ ಒಂದು ಹಿಟ್ಟಿನ ಗಿರಣಿಯಿತ್ತು. ಅದರ ಹಿಂದಿನ ಕೋಣೆಯಲ್ಲಿ ಒಂದು ವಾಚಕರ ಸಂಘ. ಅಲ್ಲಿ ಪುಸ್ತಕ ಕೊಡುವುದು, ತೆಗೆದುಕೊಳ್ಳುವುದು, ಹರಿದದ್ದನ್ನು ಹೊಲಿದು ರಟ್ಟು ಹಾಕುವುದು ಅವರ ಕೆಲಸ. ಗಿರಣಿ ನಡೆಯುವಾಗ ಕಪಾಟಿನ ಗಾಜು ನಡುಗುತ್ತಿತ್ತು. ಯಾವ ಪುಸ್ತಕ ತೆರೆದರೂ ರಾಗಿಹಿಟ್ಟಿನ ವಾಸನೆ.

ಪುಟದ ಮೂಲೆ ಮಡಿಸುವುದನ್ನು ಅವರು ಸಹಿಸುತ್ತಿರಲಿಲ್ಲ. "ಕಿವಿ ಹಿಂಡಬೇಡಿ ಅದಕ್ಕೆ, ಪಾಪ. ಎಲ್ಲಿಗೆ ನಿಲ್ಸಿದೀರಿ ಹೇಳಿ, ನಾನು ಗುರುತು ಹಾಕ್ಕೊಡ್ತೀನಿ," ಎನ್ನುವರು. ಹದಿನೈದು ದಿನದ ಗಡುವು ಮುಗಿದು, ಅದೇ ಪುಸ್ತಕವನ್ನು ಇನ್ನೊಮ್ಮೆ ಬರೆಸಿಕೊಳ್ಳಲು ಬಂದವರನ್ನು ಅವರು ಕೇಳುತ್ತಿದ್ದದ್ದು ಅದೊಂದೇ ಪ್ರಶ್ನೆ. ಚೆನ್ನಾಗಿದೆಯಾ, ಇಷ್ಟವಾಯಿತಾ ಎಂದು ಯಾರನ್ನೂ ಕೇಳಿದವರಲ್ಲ. ಓದುಗ ನಿಲ್ಲಿಸಿದ ಪುಟ ತೆಗೆದು, ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಚುಕ್ಕೆ ಇಡುವರು. ಸಾಸಿವೆಗಿಂತ ಚಿಕ್ಕದು. ಯಾವ ಚುಕ್ಕೆ ಯಾರದೆಂಬುದು ಅವರಿಗೆ ವರ್ಷಗಟ್ಟಲೆ ನೆನಪಿರುತ್ತಿತ್ತು.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನನ್ನ ಕಾದಂಬರಿ ಅಚ್ಚಾಯಿತು. ಮೂರು ತಲೆಮಾರಿನ ಒಂದು ಮನೆಯ ಕಥೆ. ಅದರ ನಡುವೆ ಎಂಟು ಹಾಳೆಯ ಒಂದು ಅಧ್ಯಾಯವಿತ್ತು. ಮನೆಯವರೆಲ್ಲ ಊಟಕ್ಕೆ ಕೂತಿದ್ದಾರೆ. ಕಣಜದ ಕೋಣೆಯಲ್ಲಿ ಕೂಡಿಹಾಕಿದ ಸೊಸೆ ಒಳಗಿನಿಂದ ಬಾಗಿಲು ಬಡಿಯುತ್ತಿದ್ದಾಳೆ. ಯಾರೂ ಏಳುವುದಿಲ್ಲ. ಸಾರು ಬರುತ್ತದೆ, ಪಲ್ಯ ಬರುತ್ತದೆ, ಮಕ್ಕಳಿಗೆ ತುಪ್ಪ ಬಡಿಸುತ್ತಾರೆ. ಮಜ್ಜಿಗೆ ಬರುವ ಹೊತ್ತಿಗೆ ಸದ್ದು ನಿಂತಿರುತ್ತದೆ. ಅದು ಇನ್ನೂರ ಹನ್ನೊಂದನೆಯ ಪುಟ.

ಸಂಘಕ್ಕೆ ನಾನೇ ಒಂದು ಪ್ರತಿ ಕೊಟ್ಟೆ. ಮೇಷ್ಟ್ರು ಪುಸ್ತಕದ ಬೆನ್ನು ತಡವಿ ನೋಡಿ, "ಅಂಟು ಮಾತ್ರ ಹಾಕಿದಾರೆ, ಹೊಲಿದಿಲ್ಲ. ಇದು ತಡೆಯಲ್ಲ," ಎಂದರು. ಅವರ ವಿಮರ್ಶೆ ಅಷ್ಟೇ.

ಓದುಗರದು ಅಷ್ಟಕ್ಕೆ ಮುಗಿಯಲಿಲ್ಲ. ನಿವೃತ್ತ ಸ್ಟೇಷನ್ ಮಾಸ್ಟರೊಬ್ಬರು ಮೂರೇ ದಿನಕ್ಕೆ ಪುಸ್ತಕ ತಂದು ಮೇಜಿನ ಮೇಲೆ ಕುಕ್ಕಿದರಂತೆ. "ಮನೆ ಅಂದ್ಮೇಲೆ ಕೊಟ್ಟಿಗೆನೂ ಇರುತ್ತೆ ಕಣ್ರೀ. ಹಾಗಂತ ಬಂದ ನೆಂಟರನ್ನ ಅಲ್ಲಿ ಕೂರಿಸ್ತಾರಾ?" ಜಾಲಹಳ್ಳಿಯ ಕಡೆ ಕಾರ್ಖಾನೆಯಲ್ಲಿ ಲೇತ್ ನಡೆಸುತ್ತಿದ್ದ ಹುಡುಗನೊಬ್ಬ ನನ್ನನ್ನು ದಾರಿಯಲ್ಲಿ ನಿಲ್ಲಿಸಿ, ಸೈಕಲ್ಲಿನಿಂದ ಇಳಿಯದೆಯೇ ಹೇಳಿದ: "ನಮ್ಮಮ್ಮಂಗೆ ಓದ್ಬರಲ್ಲ ಸಾರ್, ನಾನೇ ಓದಿ ಹೇಳ್ದೆ. ಆ ಊಟದ್ದು ಕೇಳಿ ಎರಡು ದಿನ ನನ್ ಜೊತೆ ಮಾತಾಡ್ಲಿಲ್ಲ. ಮೂರನೇ ದಿನ, ಹೂಂ, ಮುಂದಕ್ಕೋದು ಅಂದ್ಲು." ಹೆರಿಗೆ ಆಸ್ಪತ್ರೆಯ ನರ್ಸಮ್ಮ ಒಬ್ಬರು ಅದನ್ನು ಮತ್ತೆ ಮತ್ತೆ ಬರೆಸಿಕೊಂಡರು. ಎಲ್ಲ ಸಲವೂ ತಮಗಾಗಿ ಅಲ್ಲ. ಸಂಘದ ಮೆಟ್ಟಿಲು ಹತ್ತಲಾರದ ಹೆಂಗಸರಿಗೆ ತಮ್ಮ ಚೀಲದಲ್ಲಿಟ್ಟು ಮನೆಮನೆಗೆ ಒಯ್ಯುತ್ತಿದ್ದರು. ಆ ಹೆಂಗಸರು ನಿಲ್ಲಿಸಿದ ಪುಟಗಳನ್ನೂ ಅವರೇ ಬಂದು ಹೇಳುವರು, ಮೇಷ್ಟ್ರು ಚುಕ್ಕೆ ಇಡುವರು.

ಒಂದು ವರ್ಷ ಕಳೆಯುವುದರೊಳಗೆ ಸಂಘ ಎರಡಾಯಿತು. ಆ ಪುಸ್ತಕ ಕಪಾಟಿನಲ್ಲಿದ್ದರೆ ಸದಸ್ಯತ್ವ ಬಿಡುತ್ತೇವೆಂದು ಕೆಲವರು ಅರ್ಜಿ ಬರೆದರು. ತೆಗೆದರೆ ಬಿಡುತ್ತೇವೆಂದು ಇನ್ನು ಕೆಲವರು. ಗಿರಣಿಯ ಯಜಮಾನರೇ ಸಂಘದ ಅಧ್ಯಕ್ಷರು; ಕೋಣೆಯೂ ಅವರದೇ. ಒಂದು ಭಾನುವಾರ ಬೆಳಿಗ್ಗೆ, ಗಿರಣಿಗೆ ರಜೆಯಿದ್ದಾಗ, ಸಭೆ ಕರೆದರು. ನನ್ನನ್ನೂ ಬರಹೇಳಿದ್ದರು.

ಗಿರಣಿಯ ಸದ್ದಿಲ್ಲದ ಆ ಕೋಣೆಯಲ್ಲಿ ನಾನು ಹಿಂದೆಂದೂ ಕೂತಿರಲಿಲ್ಲ. ಯಾರಾದರೂ ಕೆಮ್ಮಿದರೂ ದೊಡ್ಡದಾಗಿ ಕೇಳಿಸುತ್ತಿತ್ತು. ಮೇಷ್ಟ್ರು ಮೂಲೆಯಲ್ಲಿ ಯಾವುದೋ ಪುಸ್ತಕದ ಬೆನ್ನು ಹೊಲಿಯುತ್ತಿದ್ದರು. ಯಜಮಾನರು ನನ್ನ ಕಾದಂಬರಿಯನ್ನು ಇನ್ನೂರ ಹನ್ನೊಂದನೆಯ ಪುಟಕ್ಕೆ ತೆರೆದು ಮೇಜಿನ ಮೇಲಿಟ್ಟರು. ಅಂಚಿನುದ್ದಕ್ಕೂ ಇರುವೆ ಸಾಲಿನ ಹಾಗೆ ಚುಕ್ಕೆಗಳು.

"ನೋಡ್ರಪ್ಪಾ. ಬ್ಯಾರೆ ಪುಟದಾಗೆ ಒಂದೋ ಎಲ್ಡೋ. ಇಲ್ಲಿ ಎಷ್ಟವೆ ಎಣಿಸ್ಕಳಿ. ಜನ ಇಲ್ಲಿಗಂಟ ಬಂದು, ಥೂ ಅಂತ ಮುಚ್ಚವ್ರೆ. ಇದಕ್ಕಿಂತ ಸಾಕ್ಷಿ ಏನ್ ಬೇಕು?"

ಮೇಷ್ಟ್ರು ತಲೆಯೆತ್ತಿದರು. ಅವರು ಪುಸ್ತಕದ ಮೇಲಿನ ಮರ್ಯಾದೆಗೆ ಇಟ್ಟ ಚುಕ್ಕೆಗಳೇ ಈಗ ಪುಸ್ತಕದ ಮೇಲೆ ಸಾಕ್ಷಿ ನುಡಿಯುತ್ತಿದ್ದವು.

"ಥೂ ಅಂದೋರು ಪುಸ್ತಕ ವಾಪಸ್ ಕೊಟ್ಟು ಹೋಗ್ತಾರೆ ಯಜಮಾನ್ರೇ. ಅವರಿಗೆ ನಾನು ಚುಕ್ಕೆ ಇಡಲ್ಲ. ಇವೆಲ್ಲ, ಇನ್ನೂ ಹದಿನೈದು ದಿನ ಬೇಕು ಅಂತ ಬರೆಸ್ಕೊಂಡೋರದು."

ಯಜಮಾನರು ಪುಟದ ಮೇಲೆ ಬಗ್ಗಿ ಚುಕ್ಕೆಗಳನ್ನು ನೋಡಿದರು.

"ಅಂಗಾರೆ ಇದ್ರಾಗೆ ನಮ್ಮನೇದು ಯಾವ್ದು ಯೋಳಿ."

ಯಜಮಾನರು ಪುಸ್ತಕವನ್ನು ಮೇಷ್ಟ್ರ ಕಡೆಗೆ ತಿರುಗಿಸಿದರು.

"ನಮ್ಮನೇಲಿ ಯಾರೋ ಇದ್ನ ಓದವ್ರೆ. ಎಂಟು ದಿನ ಆಯ್ತು, ನಾವು ಉಣ್ಣಾಕ್ ಕುಂತ್ರೆ ನನ್ ಸೊಸೆ ಆ ಕೋಣೇಲಿ ನಿಲ್ಲಾಕಿಲ್ಲ. ಬಡ್ಸಿ ಇತ್ಲ ಬಾಗ್ಲಿಗೆ ಒಂಟೋಯ್ತಾಳೆ. ಯಾಕವ್ವಾ ಅಂದ್ರೆ ಮಾತಿಲ್ಲ. ನಾನೇನ್ ಅವಳ್ನ ಕೂಡಾಕಿದೀನಾ? ಯಾವ್ ಚುಕ್ಕೆ ಅಂತ ಯೋಳಿ ಮೇಷ್ಟ್ರೇ, ಸಾಕು."

ನರ್ಸಮ್ಮ ತಮ್ಮ ಚಪ್ಪಲಿಯ ತುದಿ ನೋಡುತ್ತ ಕೂತಿದ್ದರು. ಹೆಸರು ಹೊರಬಿದ್ದರೆ ಆ ಹುಡುಗಿಗೆ ಮನೆಯಲ್ಲಿ ಏನಾಗುತ್ತದೆಂದು ಅವರಿಗೆ ಗೊತ್ತಿತ್ತು. ಹೊರಬೀಳದಿದ್ದರೆ ಮೇಷ್ಟ್ರಿಗೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು.

"ಯಾವುದು ಯಾರ್ದು ಅಂತ ನನಗೆ ಗೊತ್ತು," ಎಂದರು ಮೇಷ್ಟ್ರು. "ನಿಮಗೆ ಹೇಳಲ್ಲ."

"ಈ ಕೋಣೆ ನಂದು."

"ಹೌದು." ಅವರು ಎದ್ದು ಬಂದು, ಸೊಂಟದಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಆ ಗುಳಿಬಿದ್ದ ಬೆರಳನ್ನು ಪುಟದ ಅಂಚಿನ ಮೇಲೆ ಇಳಿಸುತ್ತ ಹೋಗಿ, ತೀರ ಕೆಳಗಿನ ಚುಕ್ಕೆಯ ಹತ್ತಿರ ನಿಲ್ಲಿಸಿದರು. "ಒಂದು ಮಾತ್ರ ಹೇಳ್ತೀನಿ. ಇದು ನಂದು. ನನಗೆ ಈ ಪುಸ್ತಕ ಇಷ್ಟ ಇಲ್ಲ. ಈ ಪುಟ ದಾಟೋಕೆ ಇವತ್ತಿಗೂ ಆಗಿಲ್ಲ."

"ಯಾಕೆ?"

"ಇಂಥದೊಂದು ಪಂಕ್ತೀಲಿ ನಾನೂ ಕೂತಿದ್ದೆ. ನಾನೂ ಏಳ್ಲಿಲ್ಲ."

ಯಾವ ಮನೆ, ಬಾಗಿಲ ಹಿಂದೆ ಯಾರು ಎಂದು ಯಾರೂ ಕೇಳಲಿಲ್ಲ. ಆಮೇಲೆ ನಾನು ಆ ಮನೆಯನ್ನು ಎಷ್ಟೋ ಸಲ ಕಟ್ಟಿ ನೋಡಿದ್ದೇನೆ. ಒಮ್ಮೆ ಅಕ್ಕನನ್ನು, ಒಮ್ಮೆ ಚಿಕ್ಕಮ್ಮನನ್ನು ಬಾಗಿಲ ಹಿಂದೆ ಇಟ್ಟು ಬರೆದು ಹರಿದಿದ್ದೇನೆ. ಅವರು ಹೇಳಿದ್ದು ಆ ಮೂರು ನಾಲ್ಕು ಮಾತು. ಅದಕ್ಕಿಂತ ಹೆಚ್ಚು ನನಗೆ ತಿಳಿಯದು.

ಹೊರಗೆ ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಹಿಂದೆ ಮುಂದೆ ಆಗುತ್ತಿತ್ತು. ಅದು ನಿಂತ ಮೇಲೆ ಯಜಮಾನರು ಬೀಗದ ಕೈಯನ್ನು ಬೆರಳಿನಿಂದ ಮೇಷ್ಟ್ರ ಕಡೆ ತಳ್ಳಿದರು.

"ಪುಸ್ತ್ಕ ಇರ್ಲಿ. ಆ ಎಂಟಾಳೆ ಕಿತ್ತಾಕಿ."

"ಕೀಳೋದು ನನ್ನ ಕೈಲಾಗಲ್ಲ."

"ಅಂಗಾರೆ ಒಲ್ದಾಕಿ. ಮೂಟೆ ಬಾಯಿ ಒಲ್ದಂಗೆ." ಆಮೇಲೆ ನನ್ನ ಕಡೆ ತಿರುಗಿದರು. "ಬರ್ದೋರು ಇಲ್ಲೇ ಅವ್ರಲ್ಲ. ಏನಂತೀರ ಸೋಮಿ?"

ನಾನು ತಿದ್ದಬೇಕಾದ ತಪ್ಪು ಇಲ್ಲಿದೆ. ಈ ಪ್ರಸಂಗವನ್ನು ಹೇಳುವಾಗಲೆಲ್ಲ ನಾನು ಎದ್ದುನಿಂತು ವಾದ ಮಾಡಿದೆನೆಂದು ಹೇಳುತ್ತ ಬಂದಿದ್ದೇನೆ. ವಾದದ ವಾಕ್ಯಗಳು ಕೂಡ ನನಗೆ ಬಾಯಿಪಾಠವಾಗಿವೆ. ಅಷ್ಟು ಚೆನ್ನಾಗಿ ಕೂಡಿಬಂದ ವಾಕ್ಯಗಳನ್ನು ನಾನು ಆ ಬೆಳಿಗ್ಗೆ ಆಡಿರಲಾರೆ ಎಂದು ಈಗ ಅನುಮಾನಿಸಬೇಕಾಗಿಯೂ ಇಲ್ಲ. ಆಡಲಿಲ್ಲ. ಮೇಷ್ಟ್ರು ಆಗತಾನೆ ಹೇಳಿದ ಮಾತು ಕಿವಿಯಲ್ಲಿರುವಾಗಲೇ, ಬೆಂಚಿನ ಮೇಲೆ ಕೂತೇ, "ಆಗ್ಲಿ," ಎಂದೆ. ಯಾರೂ ಕೇಳದಿದ್ದರೂ, ಎರಡನೆಯ ಮುದ್ರಣದಲ್ಲಿ ಆ ಅಧ್ಯಾಯ ಇರುವುದಿಲ್ಲವೆಂದೂ ಸೇರಿಸಿದೆ.

ಮೇಷ್ಟ್ರು ನನ್ನನ್ನು ನೋಡಿದರು ಎಂದು ಬರೆದರೆ ಚೆನ್ನಾಗಿರುತ್ತದೆ. ನೋಡಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದರು.

ಎಲ್ಲರೆದುರಿಗೇ ಎಂಟು ಹಾಳೆ ಸೇರಿಸಿ ಹೊರ ಅಂಚಿಗೆ ಹೊಲಿದರು. ಮೇಲಿನಿಂದ ಕೆಳಗೆ ಕುಣಿಕೆಯೊಳಗೆ ಕುಣಿಕೆ. ಯಜಮಾನರು ಹೇಳಿದಂತೆಯೇ, ಮೂಟೆಯ ಬಾಯಿ ಹೊಲಿದ ಹಾಗೆ. ನಾನು ಪುಸ್ತಕಗಳ ನಡುವೆ ಬೆಳೆದವನು, ಮೂಟೆಗಳ ನಡುವೆ ಅಲ್ಲ. ಅದರ ಅರ್ಥ ತಿಳಿಯಲು ನನಗೆ ಕೆಲವು ವಾರ ಬೇಕಾಯಿತು. ಆ ಹೊಲಿಗೆಯ ಕೊನೆಗೆ ಗಂಟಿಲ್ಲ, ಒಂದು ತುಂಡು ದಾರ ಹೊರಗುಳಿದಿರುತ್ತದೆ. ಅದನ್ನು ಹಿಡಿದು ಒಮ್ಮೆ ಎಳೆದರೆ ಸರ್ರೆಂದು ಪೂರ್ತಿ ಬಿಚ್ಚಿಕೊಳ್ಳುತ್ತದೆ. ಗೋಣಿಚೀಲ ಬಿಚ್ಚಿದ ಯಾವ ಹೆಂಗಸಿಗೂ ಇದನ್ನು ಹೇಳಿಕೊಡಬೇಕಾಗಿಲ್ಲ.

ಓದುವವರು ದಾರ ಎಳೆದು ಓದಿದರು. ಬೇಡವೆಂದವರು ಎಂಟು ಹಾಳೆಯನ್ನು ಒಟ್ಟಿಗೆ ಮಗುಚಿ ಮುಂದೆ ಹೋದರು. ದಾರ ಬಿಚ್ಚಿ ಬಂದಾಗಲೆಲ್ಲ ಮೇಷ್ಟ್ರು ಮಾತಿಲ್ಲದೆ ಮತ್ತೆ ಹೊಲಿದಿಡುತ್ತಿದ್ದರು. ಆ ಸಭೆಯ ನಂತರ ಅವರು ಯಾವ ಪುಸ್ತಕಕ್ಕೂ ಚುಕ್ಕೆ ಇಡಲಿಲ್ಲ. "ಇನ್ನೊಬ್ಬರು ಎಣಿಸೋ ಹಾಗಾದ್ಮೇಲೆ ಅದು ಗುರುತಲ್ಲ, ದೂರು," ಎಂದರು ಒಮ್ಮೆ.

ಯಜಮಾನರು ಆ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡದ್ದನ್ನು ನಾನು ಕಂಡಿದ್ದೇನೆ. ಇದರಲ್ಲಿ ನನಗೆ ಅನುಮಾನವಿಲ್ಲ. ಜೀವನವೆಲ್ಲ ಮೂಟೆ ಬಿಚ್ಚಿದ ಹೆಬ್ಬೆರಳು ಅದು. ಹೊಲಿಗೆಯ ಮೇಲೆ ಮೇಲಿನಿಂದ ಕೆಳಗೆ ಜಾರಿ, ಹೊರಗಿದ್ದ ದಾರದ ತುದಿಗೆ ಬಂದು ನಿಂತಿತು. ಅವರು ಆ ತುದಿಯನ್ನು ಎರಡು ಬೆರಳಲ್ಲಿ ಹೊಸೆದರು. ನಂತರ ಅದನ್ನು ಹಾಳೆಗಳ ನಡುವೆ ಸರಿಯಾಗಿ ಸೇರಿಸಿಟ್ಟರು.

"ಒಲಿಗೆ ಗಟ್ಟಿಯಾಗೈತೆ ಮೇಷ್ಟ್ರೇ."

"ನೀವು ಹೇಳಿದ ಹಾಗೇ ಯಜಮಾನ್ರೇ."

ಆ ದಿನಗಳಲ್ಲೇ ಗಿರಣಿ ಮನೆಯಲ್ಲಿ, "ನೀನೂ ಕುಂತ್ಕಳವ್ವಾ, ನಾವೇ ಬಡಿಸ್ಕತೀವಿ," ಎಂದು ಮಾವ ಸೊಸೆಗೆ ಹೇಳಿದರಂತೆ; ಅವಳು ಕೂತಳಂತೆ. ಇದು ನರ್ಸಮ್ಮ ಹೇಳಿದ್ದು. ಅವರಿಗೆ ಕಥೆಗಳು ಒಳ್ಳೆಯದಾಗಿ ಮುಗಿಯಬೇಕು. ನಾನು ನೋಡಿಲ್ಲ.

ಎರಡನೆಯ ಮುದ್ರಣ ಬಂತು, ಮಾತು ಕೊಟ್ಟಂತೆ ಅಧ್ಯಾಯವಿಲ್ಲದೆ. ಒಂದು ಪ್ರತಿಯನ್ನು ಮೇಷ್ಟ್ರಿಗೆ ಒಯ್ದು ಕೊಟ್ಟೆ. ರಿಜಿಸ್ಟರಿನಲ್ಲಿ ಬರೆದುಕೊಂಡು ಕಪಾಟಿನಲ್ಲಿಟ್ಟರು. ಅರ್ಜಿ ಬರೆದವರು ಓದಿ ಮೆಚ್ಚಿಕೊಂಡರು. ಕೆಲವು ತಿಂಗಳ ನಂತರ ಅದು ಹೇಗೆ ಹೋಗುತ್ತಿದೆ ಎಂದು ನಾನೇ ಕೇಳಿದೆ.

"ಎಲ್ಲರೂ ಬೇಗ ಮುಗಿಸಿ ತಂದುಕೊಡ್ತಾರೆ," ಎಂದರು. "ಎರಡನೇ ಸಲ ಬರೆಸ್ಕೊಂಡೋರು ಯಾರೂ ಇಲ್ಲ."

ಆ ಮಾತು ಕೇಳಿ ಬಂದ ಮೇಲೆ ನಾನು ಬಹಳ ದಿನ ಆ ಕಡೆ ಹೋಗಲಿಲ್ಲ. ಅವರು ಕಾಯಿಲೆ ಬಿದ್ದದ್ದು ಗೊತ್ತಿತ್ತು. ನೋಡಿಬರಬೇಕು ಎಂದುಕೊಳ್ಳುತ್ತಲೇ ಇದ್ದೆ. ಅರವತ್ತರ ದಶಕ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ ನರ್ಸಮ್ಮ ಮನೆಗೆ ಬಂದು, ಹಿಟ್ಟಿನ ಚೀಲದ ಬಟ್ಟೆಯಲ್ಲಿ ಸುತ್ತಿದ ಗಂಟೊಂದನ್ನು ಕೊಟ್ಟರು. ಮೇಷ್ಟ್ರು ಹೋಗಿ ಹನ್ನೆರಡು ದಿನವಾಗಿತ್ತು.

"ಬರ್ದೋರ ಹತ್ರ ಇರಲ್ಲ ಇದು, ಕೊಟ್ಟುಬಿಡಿ ಅಂದ್ರು," ಎಂದರು.

ನಿಜ. ನನ್ನ ಹತ್ತಿರ ಇರಲಿಲ್ಲ. ಹಸ್ತಪ್ರತಿಯನ್ನೂ ಉಳಿದ ಪ್ರತಿಗಳನ್ನೂ ನಾನೇ ಹಳೇ ಪೇಪರಿನವನಿಗೆ ಹಾಕಿದ್ದೆ. ಅವರಿಗೆ ಅದು ಹೇಗೆ ಗೊತ್ತಾಯಿತೋ ತಿಳಿಯದು.

ಗಂಟಿನಲ್ಲಿದ್ದದ್ದು ನಾನು ಸಂಘಕ್ಕೆ ಕೊಟ್ಟಿದ್ದ ಮೊದಲ ಮುದ್ರಣದ ಪ್ರತಿ. ಬೆನ್ನಿಗೆ ಅವರೇ ಹೊಲಿಗೆ ಹಾಕಿದ್ದರು. ಎಂಟು ಹಾಳೆ ಹೊಲಿದೇ ಇತ್ತು, ತುದಿ ಹೊರಗಿತ್ತು. ಅವರು ಚುಕ್ಕೆ ಇಡುವುದನ್ನು ಬಿಟ್ಟಿದ್ದರೆಂದು ಗೊತ್ತಿದ್ದೂ, ಆ ಪುಟ ದಾಟಿದರೇ ಎಂದು ತಿಳಿಯುವ ಆಸೆಯಿಂದ ಮುಂದಿನ ಪುಟಗಳನ್ನೆಲ್ಲ ಹುಡುಕಿದೆ. ಕೊನೆಯ ಪುಟದ ಕೆಳಗೆ ಒಂದು ಚುಕ್ಕೆ ಸಿಕ್ಕಿತು. ರಬ್ಬರಿನಿಂದ ಉಜ್ಜಿ ನೋಡಿದೆ; ಹೋಗಲಿಲ್ಲ. ಪೆನ್ಸಿಲ್ ಅಲ್ಲ, ನೊಣದ ಗುರುತು.

ಆ ವರ್ಷವೇ ಮೂರನೆಯ ಮುದ್ರಣಕ್ಕೆ ಪುಸ್ತಕವನ್ನು ಇಡಿಯಾಗಿ ಕೊಟ್ಟೆ. ದಾರವನ್ನು ಪ್ರೆಸ್ಸಿನಲ್ಲೇ ಎಳೆದೆ. ಅಚ್ಚಿನ ಮೊಳೆ ಜೋಡಿಸುವವರು ಹಾಳೆಗಳನ್ನು ಕಿಟಕಿಗೆ ಹಿಡಿದು ನೋಡಿದರು. ಹಳೆಯ ತೂತಿನ ಪಕ್ಕ ಹೊಸ ತೂತು, ಅದರ ಪಕ್ಕ ಇನ್ನೊಂದು. ಅಂಚಿನುದ್ದಕ್ಕೂ ಬೆಳಕು ಈಚೆ ಬರುತ್ತಿತ್ತು.

"ಏನ್ ಸಾರ್ ಇದು, ಜರಡಿ ಆಗ್ಬಿಟ್ಟಿದೆ. ಹುಳ ತಿಂದಿದ್ಯಾ?"

"ಇಲ್ಲ," ಎಂದೆ. "ಓದಿದಾರೆ."