ಅಲುಗದ ಟೀಪಾಯಿ

ಹುಮನಾಬಾದಿನಲ್ಲಿ ನಮ್ಮ ಪಕ್ಕದ ಮನೆಯ ಡ್ರಿಲ್ ಮಾಸ್ತರರು ಹಳೇ ಬಾಗಿಲ ಹಲಗೆಯಿಂದ ತಾವೇ ಒಂದು ಟೀಪಾಯಿ ಮಾಡಿಕೊಂಡಿದ್ದರು. ಅವರ ಮನೆಯ ಫರಸಿ ನೆಲವೋ, ಬರೀ ತಗ್ಗುದಿಣ್ಣೆ. ಭಾನುವಾರ ಬಂತೆಂದರೆ ತುಂಬಿದ ಚಹಾದ ಕಪ್ಪನ್ನು ಟೀಪಾಯಿಯ ಮೇಲಿಟ್ಟು, ಕುಕ್ಕರಗಾಲಲ್ಲಿ ಕೂತು, ಉಸಿರು ಬಿಗಿಹಿಡಿದು ನೋಡುವರು. "ಇನ್ನಾ ಅಲಗಾಕತ್ತದ" ಎಂದು ಅದನ್ನು ಬೋರಲು ಹಾಕಿ, ಒಂದು ಕಾಲನ್ನು ಅರದಿಂದ ಉಜ್ಜಿ ಸವೆಸುವರು. ವಾರವಾರಕ್ಕೂ ಟೀಪಾಯಿ ಗಿಡ್ಡಾಗುತ್ತಿತ್ತು. ನಾವು ನಗುತ್ತಿದ್ದೆವು.

"ಒಂಚೂರು ಅಲಗಿದ್ರ ಏನಾತ್ರಿ, ಸರ?" ಒಮ್ಮೆ ತಾಳ್ಮೆಗೆಟ್ಟು ಕೇಳಿದೆ.

ಒಳಗಿನಿಂದ ಅವರ ಹೆಂಡತಿ ಚಹಾ ತರುತ್ತಿದ್ದರು. ಬಸಿಯ ಮೇಲೆ ಕಪ್ಪು ಕಟಕಟ ಎನ್ನುತ್ತಿತ್ತು. ಮಾಸ್ತರರು ದನಿ ತಗ್ಗಿಸಿದರು.

"ಆಕಿ ಕೈ ನಡಗ್ತಾವ. ಇಟ್ಟ ಮ್ಯಾಲ ಚೆಲ್ಲಿದ್ರೂ ತನ್ನ ಕೈದೇ ತಪ್ಪಂತ ತಿಳ್ಕೋತಾಳ."