ಮೂರು ಮುಷ್ಟಿ ಮಣ್ಣು

2020ರ ಮಾರ್ಚ್ ತಿಂಗಳ ಮಾತು. ರಾಷ್ಟ್ರೀಯ ಫುಟ್‌ಬಾಲ್ ಲೀಗಿನ ಎರಡನೇ ದರ್ಜೆಯ ಒಂದು ಪಂದ್ಯಕ್ಕೆಂದು ನಾನು ಗೋವಾಕ್ಕೆ ಹೋಗಿದ್ದೆ. ಆಡುವುದಕ್ಕಲ್ಲ, ಲೈನ್ಸ್‌ಮನ್ ಆಗಿ. ನನ್ನ ಊರು ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರು. ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರ. ನಮ್ಮ ಕಡೆ ಕಬಡ್ಡಿ ಎಂದರೆ ಊರೇ ಬಂದು ನಿಲ್ಲುತ್ತದೆ. ಫುಟ್‌ಬಾಲ್ ಎಂದರೆ ಟಿ.ವಿ.ಯಲ್ಲಿ ನೋಡುವ ಆಟ. ಹುಬ್ಬಳ್ಳಿಯಲ್ಲಿ ಓದುವಾಗ ಹತ್ತಿಕೊಂಡ ಹುಚ್ಚು ಬಿಡಲಿಲ್ಲ. ರೆಫ್ರಿ ಪರೀಕ್ಷೆಗಳನ್ನು ಒಂದೊಂದಾಗಿ ಪಾಸು ಮಾಡಿಕೊಳ್ಳುತ್ತ, ರಜೆ ಹಾಕಿ ಹಾಕಿ ಹೆಡ್‌ಮಾಸ್ತರರಿಂದ ಬೈಸಿಕೊಳ್ಳುತ್ತ ಅಲ್ಲಿಯವರೆಗೆ ಮುಟ್ಟಿದ್ದೆ.

ಕೊರೊನಾ ಎಂಬ ಹೆಸರು ಆಗಿನ್ನೂ ಹೊಸದು. ಅಂದು ಪ್ರೇಕ್ಷಕರನ್ನು ಒಳಗೆ ಬಿಟ್ಟಿರಲಿಲ್ಲ. ಖಾಲಿ ಗ್ಯಾಲರಿಯ ಮುಂದೆ ಪಂದ್ಯ ನಡೆಸುವುದು ಬೀಗರೇ ಬಾರದ ಲಗ್ನ ಮಾಡಿದ ಹಾಗಿತ್ತು. ಬೂಟು ಚೆಂಡಿಗೆ ತಾಗುವ ಸಪ್ಪಳ, ಆಟಗಾರರ ಏದುಸಿರು ಎಲ್ಲ ಕೇಳುತ್ತಿತ್ತು. ಎರಡನೇ ಅರ್ಧದಲ್ಲಿ ಒಬ್ಬ ಗೋಲ್‌ಕೀಪರ್ ತನ್ನ ಡಿಫೆಂಡರನಿಗೆ ಹಿಂದಿಯಲ್ಲಿ ಒದರಿ ಒದರಿ ಸಾಕಾಗಿ, “ಏ ಬಿಡೋ, ಬಿಡೋ, ನಂದೈತಿ!” ಎಂದು ಕೂಗಿ ಚೆಂಡಿಗೆ ಹಾರಿದ. ಗೋವಾದಲ್ಲಿ ನಮ್ಮ ಮಾತು! ನನಗೆ ನಗು ತಡೆಯಲಾಗಲಿಲ್ಲ.

ಪಂದ್ಯ ಮುಗಿದ ಮೇಲೆ ಅವನ ಹತ್ತಿರ ಹೋದೆ. “ಯಾವೂರೋ ತಮ್ಮಾ ನಿಂದು?”

“ಸವಣೂರ್ರೀ ಸರ. ಇಮ್ತಿಯಾಜ ಅಂತ್ರಿ. ನೀವೂ ನಮ್ಮ ಕಡೆಯವರೇನ್ರಿ?” ಎಂದವನೇ ಗ್ಲೋವ್ಸ್ ಕಳಚಿ ನನ್ನ ಕೈ ಹಿಡಿದ.

ಇಪ್ಪತ್ತಾರು ವರ್ಷದ ಹುಡುಗ. ಅಪ್ಪ ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರ ಮಾಡುತ್ತಿದ್ದ. ಇವನು ಆ ಸೀಸನ್ ಪೂರ್ತಿ ಹೊರಗೆ ಬೆಂಚಿನ ಮೇಲೆಯೇ ಕೂತಿದ್ದನಂತೆ. ಮುಖ್ಯ ಕೀಪರ್ ಮೊಣಕಾಲು ಮುರಿದುಕೊಂಡಿದ್ದರಿಂದ ಅಂದು ಮೊದಲ ಸಲ ಆಡಲು ಸಿಕ್ಕಿತ್ತು. “ಇನ್ನ ಮೂರು ಮ್ಯಾಚ್ ಅದಾವ್ರಿ. ಮೂರೂ ನಾನ ಆಡ್ತೇನಿ ಅಂತ ಕೋಚ್ ಹೇಳ್ಯಾರ. ಈ ಮೂರರಾಗ ಕಣ್ಣಿಗೆ ಬಿದ್ರ ಮುಂದಿನ ವರ್ಷ ಮ್ಯಾಲಿನ ಲೀಗಿಗೆ ಹೋಗಬಹುದ್ರಿ.”

ಅದೇ ಸಂಜೆ ಸುದ್ದಿ ಬಂತು: ಮುಂದಿನ ಆದೇಶದವರೆಗೆ ಲೀಗ್ ಬಂದ್. ನಾನು ಬ್ಯಾಗು ತುಂಬುತ್ತಿದ್ದಾಗ ಇಮ್ತಿಯಾಜ ನಾವಿದ್ದ ಲಾಡ್ಜಿಗೆ ಹುಡುಕಿಕೊಂಡು ಬಂದ.

“ಸರ, ಒಂದು ಮಾತು ಕೇಳಬೇಕಾಗಿತ್ರಿ. ನಮ್ಮ ಅಪ್ಪಗ ಕಿಡ್ನಿ ಹೋಗ್ಯಾವ್ರಿ. ವಾರಕ್ಕ ಎರಡು ಸಲ ಹುಬ್ಬಳ್ಳಿಗೆ ಹೋಗಿ ಡಯಾಲಿಸಿಸ್ ಮಾಡಿಸ್ಕೊಂಡು ಬರ್ತಾನ. ನಾನೂ ನಿಮ್ಮ ಜೋಡಿ ಊರಿಗೆ ಬಂದು ಬಿಡ್ಲೇನ್ರಿ, ಇಲ್ಲಾ ಇಲ್ಲೇ ಇರ್ಲೆ?”

ನಾನು ಎರಡು ನಿಮಿಷವೂ ಯೋಚನೆ ಮಾಡಲಿಲ್ಲ. “ಈಗ ಹ್ವಾದ್ರ ನಿನ್ನ ಜಾಗಕ್ಕ ಬ್ಯಾರೆಯವರು ಬಂದು ಕುಂದ್ರತಾರ. ಹದಿನೈದು ದಿನದಾಗ ಲೀಗ್ ಮತ್ತ ಚಾಲೂ ಆಗ್ತೈತಿ. ಎಲ್ಲೂ ಹೋಗಬ್ಯಾಡ, ಇಲ್ಲೇ ಇರು” ಎಂದೆ. ಎಲ್ಲ ಬಲ್ಲವನ ಹಾಗೆ ಹೇಳಿದೆ.

“ನೀವು ಹೇಳಿದ್ರ ಆತ್ರಿ ಸರ” ಎಂದು ನನ್ನ ನಂಬರ್ ಬರೆದುಕೊಂಡು ಹೋದ. ಮರುದಿನ ಬೆಳಿಗ್ಗೆ ನಾನು ಬಸ್ಸು ಹತ್ತಿದೆ. ನನ್ನ ಪಕ್ಕದ ಸೀಟು ಖಾಲಿಯೇ ಇತ್ತು.

ಆಮೇಲೆ ಆದದ್ದು ಎಲ್ಲರಿಗೂ ಗೊತ್ತಿದೆ. ಹತ್ತು ದಿನ ಕಳೆಯುವುದರೊಳಗೆ ದೇಶವೇ ಬಾಗಿಲು ಹಾಕಿಕೊಂಡಿತು. ಏಪ್ರಿಲ್ ತಿಂಗಳಲ್ಲಿ ಇಮ್ತಿಯಾಜನ ಫೋನು ಬಂತು. ಉಳಿದ ಪಂದ್ಯಗಳನ್ನೆಲ್ಲ ರದ್ದು ಮಾಡಿ, ಸೀಸನ್ ಅಷ್ಟಕ್ಕೇ ಮುಗಿಯಿತು ಎಂದು ಹೇಳಿಬಿಟ್ಟಿದ್ದಾರೆ ಎಂದ. ಆ ಮೂರು ಪಂದ್ಯ ಇನ್ನಿಲ್ಲ. ಕ್ಲಬ್ಬಿನವರು ರೂಮು ಖಾಲಿ ಮಾಡಿಸುತ್ತಿದ್ದಾರೆ, ಬಸ್ಸಿಲ್ಲ, ರೈಲಿಲ್ಲ. ಅಪ್ಪನಿಗೆ ಹುಬ್ಬಳ್ಳಿಗೆ ಹೋಗಲು ಗಾಡಿ ಸಿಗದೆ ಎರಡು ಸಲ ಡಯಾಲಿಸಿಸ್ ತಪ್ಪಿದೆ. “ಏನಾರ ಮಾಡಿ ಬರ್ತೇನ್ರಿ” ಎಂದು ಫೋನಿಟ್ಟ.

ನಮ್ಮಂಥ ಶಿಕ್ಷಕರನ್ನು ಆಗ ಕೊರೊನಾ ಕೆಲಸಕ್ಕೆ ಹಾಕಿದ್ದರು. ನನಗೆ ಸಿಕ್ಕಿದ್ದು ಶಿರಸಿಯಿಂದ ಹಾನಗಲ್ಲಿಗೆ ಬರುವ ರಸ್ತೆಯಲ್ಲಿ, ಜಿಲ್ಲೆಯ ಗಡಿಯ ಚೆಕ್‌ಪೋಸ್ಟ್. ರಸ್ತೆಗೆ ಅಡ್ಡ ಒಂದು ಬಿದಿರು ಬೊಂಬು, ಒಂದು ಶಾಮಿಯಾನ, ಒಂದು ಟೇಬಲ್ಲು. ಜೊತೆಗೆ ಒಬ್ಬ ಪೊಲೀಸ್ ಹವಾಲ್ದಾರ, ಜ್ವರ ನೋಡಲು ಒಬ್ಬ ಆಶಾ ಕಾರ್ಯಕರ್ತೆ. ಬರುವವರ ಹೆಸರು, ಊರು ಬರೆದುಕೊಳ್ಳುವುದು ನನ್ನ ಕೆಲಸ. ಹೊರ ರಾಜ್ಯದಿಂದ ಬಂದವರು ಯಾರೇ ಆಗಲಿ, ಹದಿನಾಲ್ಕು ದಿನ ಹಾನಗಲ್ಲಿನ ಹಾಸ್ಟೆಲಿನಲ್ಲಿ ಇರಬೇಕು.

ಮೇ ಮೊದಲ ವಾರದ ಒಂದು ಮಧ್ಯಾಹ್ನ. ಬಿಸಿಲು ಡಾಂಬರಿನ ಮೇಲೆ ಕುಣಿಯುತ್ತಿತ್ತು. ದೂರದಲ್ಲಿ ಒಬ್ಬ ಕುಂಟುತ್ತ ನಡೆದು ಬರುತ್ತಿದ್ದ. ಹೆಗಲಿಗೆ ಕಿಟ್ ಬ್ಯಾಗು, ಮುಖಕ್ಕೆ ಕಟ್ಟಿದ ಟವೆಲ್. ಹತ್ತಿರ ಬಂದು ಟವೆಲ್ ತೆಗೆದಾಗಲೇ ಗುರುತು ಸಿಕ್ಕಿದ್ದು.

ಗೋವಾದ ಗಡಿಯವರೆಗೆ ನಡೆದು, ಕಾರವಾರದಿಂದ ಒಂದು ತರಕಾರಿ ಲಾರಿಯಲ್ಲಿ ಶಿರಸಿಗೆ ಬಂದು, ಅಲ್ಲಿಂದ ಮತ್ತೆ ನಡೆದಿದ್ದ. ಎರಡೂ ಹಿಮ್ಮಡಿ ಒಡೆದು ರಕ್ತ ಒಣಗಿತ್ತು. ನಾನು ನೀರಿನ ಬಾಟಲಿ ಕೊಡಲು ಹೋದೆ. “ಬ್ಯಾಡ್ರಿ ಸರ, ರೋಜಾ ಐತಿ” ಎಂದ. ರಂಜಾನ್ ನಡೆದಿತ್ತು. ಆ ಬಿಸಿಲಿನಲ್ಲಿ ಉಪವಾಸವಿದ್ದುಕೊಂಡೇ ನಡೆದಿದ್ದ.

“ಸರ, ನೀವ ಇದ್ದದ್ದು ಚಲೋ ಆತು” ಎಂದು ಅವನ ಮುಖ ಅರಳಿತು. “ಅಪ್ಪ ಕಣ್ಣ ತೆಗಿಯಾಕತ್ತಿಲ್ಲಂತ್ರಿ. ಮುಂಜಾನೆ ಅವ್ವ ಫೋನ್ ಮಾಡಿದ್ಲು. ಇಲ್ಲಿಂದ ಐವತ್ತು ಕಿಲೋಮೀಟರ್ ಅಷ್ಟ. ನಾ ಒಳಗ ಹೋಗಂಗಿಲ್ರಿ, ಯಾರನ್ನೂ ಮುಟ್ಟಂಗಿಲ್ಲ. ಬಾಗಲದಾಗ ನಿಂತು ಒಂದು ಸಲ ಅಪ್ಪಾ ಅಂತೇನಿ. ಆಮ್ಯಾಲೆ ನೀವು ಎಲ್ಲಿ ಕುಂದ್ರು ಅಂತೀರಿ ಅಲ್ಲಿ ಕುಂದ್ರತೇನ್ರಿ.”

ಹವಾಲ್ದಾರ ನನ್ನ ಮುಖ ನೋಡಿದರು. “ಸರ, ನೀವ ಹೇಳ್ರಿ” ಎಂದರು.

ಹಿಂದಿನ ವಾರವಷ್ಟೇ ಇನ್ನೊಂದು ಚೆಕ್‌ಪೋಸ್ಟಿನಲ್ಲಿ ಒಬ್ಬ ಮಾಸ್ತರರು ತಮ್ಮ ಸಂಬಂಧಿಕರನ್ನು ಒಳಗೆ ಬಿಟ್ಟು ನೋಟಿಸು ತೆಗೆದುಕೊಂಡಿದ್ದರು. ಅದು ನನ್ನ ತಲೆಯಲ್ಲಿತ್ತು. ತಹಶೀಲ್ದಾರರ ನಂಬರ್ ನನ್ನ ಮೊಬೈಲಿನಲ್ಲಿತ್ತು. ಒಂದು ಫೋನು ಮಾಡಿ ಕೇಳಬಹುದಿತ್ತು. ಬೈಸಿಕೊಳ್ಳುವುದು ಯಾಕೆ, ನಾಳೆ ಕಚೇರಿಗೆ ಹೋದಾಗ ನಿಧಾನಕ್ಕೆ ಕೇಳಿದರಾಯಿತು ಎಂದುಕೊಂಡೆ.

“ಆಗಂಗಿಲ್ಲ ತಮ್ಮಾ. ರೂಲ್ಸ್ ಐತಿ” ಎಂದೆ.

ಅವನು ಜಗಳ ಮಾಡಲಿಲ್ಲ. ಅಳಲಿಲ್ಲ. ಗೋವಾದಲ್ಲೇ ಇರು ಎಂದು ನಾನು ಹೇಳಿದ್ದ ಮಾತನ್ನೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು. ರಿಜಿಸ್ಟರಿನಲ್ಲಿ ಸಹಿ ಮಾಡಿ, ಬ್ಯಾಗು ಎತ್ತಿಕೊಂಡು, ಹಾಸ್ಟೆಲಿನ ಗಾಡಿ ಹತ್ತಿ ಕೂತ.

ಮರುದಿನ ಬೆಳಿಗ್ಗೆ ಎಂಟಕ್ಕೆ ಅವನ ಫೋನು ಬಂತು. “ಅಪ್ಪ ಹ್ವಾದ್ರಿ ಸರ” ಎಂದಷ್ಟೇ ಹೇಳಿದ.

ಹಾಗೇ ನಿಂತಲ್ಲಿಂದಲೇ ತಹಶೀಲ್ದಾರರಿಗೆ ಫೋನು ಮಾಡಿದೆ. ವಿಷಯವನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿ, “ಆಂಬ್ಯುಲೆನ್ಸಿನಲ್ಲಿ ಕರೆದುಕೊಂಡು ಹೋಗಿ ಮಾಸ್ತರೇ, ಜೊತೆಗೆ ನೀವಿರಿ. ದೂರ ನಿಂತು ನೋಡಲಿ. ಶಿಗ್ಗಾಂವಿ, ಸವಣೂರಿನವರಿಗೆ ನಾನೇ ಹೇಳುತ್ತೇನೆ” ಎಂದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಸತ್ತ ಮೇಲೆ ಇಷ್ಟು ಸಲೀಸಾಗಿ ಸಿಕ್ಕ ಒಪ್ಪಿಗೆ ನಿನ್ನೆ ಸಿಗುತ್ತಿರಲಿಲ್ಲ ಎಂದು ಹೇಗೆ ಹೇಳಲಿ?

ಇಮ್ತಿಯಾಜ ಆಂಬ್ಯುಲೆನ್ಸಿನ ಹಿಂದೆ, ನಾನು ಮುಂದೆ ಡ್ರೈವರನ ಪಕ್ಕ. ಬಂಕಾಪುರ ದಾಟುವಾಗ ರಸ್ತೆಯ ಮೇಲೆ ಎರಡು ನವಿಲು ನಿರಾಳವಾಗಿ ನಿಂತಿದ್ದವು. ಹಾರ್ನ್ ಹೊಡೆದರೂ ಸರಿಯಲಿಲ್ಲ. ಅವನ ಮನೆಯ ಓಣಿಗೆ ಹೋಗಲು ಒಪ್ಪಿಗೆ ಇರಲಿಲ್ಲ. ನೇರ ಕಬರಸ್ತಾನಕ್ಕೇ ಹೋದೆವು.

ಹತ್ತು ಹನ್ನೆರಡು ಜನರಷ್ಟೇ ಇದ್ದರು. ನಮಾಜು ಮುಗಿಸಿ ಅವನ ಅಪ್ಪನ ದೇಹವನ್ನು ಗುಂಡಿಗೆ ಇಳಿಸುತ್ತಿದ್ದರು. ಇಮ್ತಿಯಾಜನಿಗೆ ಪ್ಲಾಸ್ಟಿಕ್ಕಿನ ಬಿಳಿ ಅಂಗಿ ತೊಡಿಸಿ, ಮೂವತ್ತು ಹೆಜ್ಜೆ ದೂರದ ಬೇವಿನ ಮರದ ಬುಡದಲ್ಲಿ ನಿಲ್ಲಿಸಿದರು. ಅವನು ಅಲ್ಲಿಂದ ಒಂದು ಹೆಜ್ಜೆ ಮುಂದಿಡಲಿಲ್ಲ. ಬಂದವರು ಒಬ್ಬೊಬ್ಬರಾಗಿ ಮೂರು ಮುಷ್ಟಿ ಮಣ್ಣು ಹಾಕಿ ಸರಿದರು. ಎಲ್ಲರದೂ ಮುಗಿಯಿತು. ಸಲಿಕೆ ಹಿಡಿದವರು ಮಗನ ಕಡೆ ನೋಡಿ ನಿಂತುಬಿಟ್ಟರು.

ಆಗ ಇಮ್ತಿಯಾಜ ನನ್ನನ್ನು ಕರೆದ. “ಸರ.” ದನಿ ಗಟ್ಟಿಯಾಗಿಯೇ ಇತ್ತು. “ನನ್ನ ಪಾಲಿನ ಮಣ್ಣು ನೀವು ಹಾಕ್ತೀರೇನ್ರಿ?”

ಅವನ ಚಾಚಾ, ಬಿಳಿ ಗಡ್ಡದ ಹಿರಿಯರು, ನನ್ನ ಕಡೆ ತಿರುಗಿದರು. ನಾನು ಯಾರು, ಎತ್ತ ಎಂದು ಕೇಳಲಿಲ್ಲ. “ಬರ್ರಿ ಸರ. ಹುಡುಗ ಹೇಳ್ಯಾನ, ಹಾಕ್ರಿ” ಎಂದು ಜಾಗ ಬಿಟ್ಟರು.

ಚಪ್ಪಲಿ ಕಳಚಿ ಹೋಗಿ ಬಾಗಿದೆ. ನನ್ನ ಅಪ್ಪನ ಮಣ್ಣಿಗೆ ನಾನು ನಿಂತದ್ದು ಚಿಕ್ಕೇರೂರಿನ ನಮ್ಮ ಹೊಲದಲ್ಲಿ. ಇದೂ ಅದೇ ಕರಿ ಮಣ್ಣು. ಮಣ್ಣು ಹಾಕುವಾಗ ಅವರು ಅನ್ನುವ ಮಾತುಗಳು ನನಗೆ ಬರುವುದಿಲ್ಲ. ಒಂದೊಂದು ಮುಷ್ಟಿ ಹಾಕುವಾಗಲೂ ಮನಸ್ಸಿನಲ್ಲೇ “ಮಗ ಬಂದಾನ್ರಿ” ಎಂದೆ. ಮೂರು ಸಲವೂ ಅದನ್ನೇ ಅಂದೆ. ಎದ್ದು ತಿರುಗಿ ನೋಡಿದರೆ ಇಮ್ತಿಯಾಜ ಬೇವಿನ ಬುಡದಲ್ಲಿ ಮಣ್ಣಿನ ಮೇಲೇ ಕೂತು, ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡಿದ್ದ. ಭುಜ ಅಲುಗುತ್ತಿತ್ತು. ಹತ್ತಿರ ಹೋಗಿ ಒಂದು ಕೈ ಇಡುವ ಹಾಗಿರಲಿಲ್ಲ. ನಾವೆಲ್ಲ ಸುತ್ತ ನಿಂತು ನೋಡಿದೆವು, ಅಷ್ಟೇ.

ಹಾಸ್ಟೆಲಿನಲ್ಲಿ ಅವನ ಗಂಟಲ ದ್ರವ ಪರೀಕ್ಷೆ ಮಾಡಿದರು. ನೆಗೆಟಿವ್ ಬಂತು.

ಅಕ್ಟೋಬರಿನಲ್ಲಿ ಒಂದು ದಿನ ಅವನು ಬೈಕ್ ಮೇಲೆ ಹಾನಗಲ್ಲಿನ ನಮ್ಮ ಮನೆಗೆ ಬಂದ. ಒಳಗೆ ಬಾ ಎಂದರೂ ಬರಲಿಲ್ಲ. “ಸಿಟ್ಟಿಲ್ಲಂತ ಹೇಳಾಕ ಬಂದಿಲ್ರಿ ಸರ. ಸಿಟ್ಟ ಐತಿ. ಅವ್ವಂದು ಇದ್ದತ್ ಮುಗೀತು. ನಿಮ್ಮನ್ನ ಕರಕೊಂಡ ಬಾ ಅಂದಾಳ” ಎಂದ. ಇದ್ದತ್ ಎಂದರೆ ಗಂಡ ತೀರಿದ ಹೆಂಗಸು ಮನೆಯೊಳಗೇ ಇರುವ ನಾಲ್ಕು ತಿಂಗಳು ಹತ್ತು ದಿನ.

ಆ ಭಾನುವಾರ ಸವಣೂರಿಗೆ ಹೋದೆ. ಆ ತಾಯಿ ತಲೆಯ ತುಂಬ ಸೆರಗು ಹೊದ್ದು, ಒಳಕೋಣೆಯ ಹೊಸ್ತಿಲ ಆಚೆ ಕೂತಿದ್ದರು.

“ಹೆಂಗಸರು ಮಣ್ಣಿಗೆ ಹೋಗಂಗಿಲ್ರಿ. ಇವನ್ನ ಕೇಳಿದ್ರ ಬಾಯಿ ಬಿಡಂಗಿಲ್ಲ. ನೀವು ಹತ್ರ ಇದ್ರಲ್ಲ, ಅವತ್ತ ಏನೇನಾತು ನೀವ ಹೇಳ್ರಿ” ಎಂದರು.

ಎಲ್ಲ ಹೇಳಿದೆ. ಕಬರಸ್ತಾನದ್ದು ಹೇಳಿ ನಿಲ್ಲಿಸಬಹುದಿತ್ತು, ನಿಲ್ಲಿಸಲಾಗಲಿಲ್ಲ. ಗೋವಾದಲ್ಲಿ ಇಲ್ಲೇ ಇರು ಎಂದದ್ದು ನಾನೇ ಎಂದು ಹೇಳಿದೆ. ಚೆಕ್‌ಪೋಸ್ಟಿನದೂ ಹೇಳಿದೆ. “ಅಮ್ಮಾ, ಹಿಂದಿನ ದಿನ ನಾ ಒಂದು ಫೋನ್ ಮಾಡಿ ಕೇಳಿದ್ರ ಬಿಡ್ತಿದ್ರೇನೋ. ಅಂಜಿ ಮಾಡ್ಲಿಲ್ರಿ” ಎಂದೆ. ಗೋಡೆಗೆ ಆತು ನಿಂತಿದ್ದ ಇಮ್ತಿಯಾಜ ತಟ್ಟನೆ ನನ್ನ ಕಡೆ ನೋಡಿದ. ಫೋನಿನ ಮಾತು ಅವನಿಗೂ ಗೊತ್ತಿರಲಿಲ್ಲ.

ಹೊರಗೆ ಯಾರೋ ಎಲೆಯ ಪೆಂಡಿಗೆ ನೀರು ಚಿಮುಕಿಸುವ ಸಪ್ಪಳ ಕೇಳುತ್ತಿತ್ತು.

“ಮಾಡ್ಬೇಕಾಗಿತ್ರಿ ಸರ” ಎಂದರು ತಾಯಿ ಕೊನೆಗೆ. ನನ್ನ ಮುಂದಿಟ್ಟಿದ್ದ ಬಟ್ಟಲಿನ ಕಡೆ ನೋಡಿ, “ಚಾ ಆರಾಕತ್ತೈತಿ. ಕುಡೀರಿ” ಎಂದರು.

ಕುಡಿದೆ. ಬೈದಿದ್ದರೂ, ಕ್ಷಮಿಸಿದೆ ಎಂದಿದ್ದರೂ ಆ ಮಾತಿನಷ್ಟು ನನ್ನೊಳಗೆ ಉಳಿಯುತ್ತಿರಲಿಲ್ಲ.

ಮುಂದಿನ ಸೀಸನ್‌ಗೆ ಕ್ಲಬ್ಬಿನವರು ಇಮ್ತಿಯಾಜನನ್ನು ಕರೆದರು. ಎಲ್ಲ ತಂಡಗಳನ್ನೂ ಒಂದೇ ಊರಿನಲ್ಲಿ ಹೋಟೆಲಿನೊಳಗೆ ಇಟ್ಟು, ಮುಗಿಯುವವರೆಗೆ ಹೊರಗೆ ಬಿಡದೆ ಆಡಿಸುವುದೆಂದು ಗೊತ್ತಾಗಿತ್ತು. ಅವನು ಹೋಗಲಿಲ್ಲ. “ಮನ್ಯಾಗ ಏನಾರ ಆದ್ರ ಬಿಡಂಗಿಲ್ಲಲ್ರಿ” ಎಂದ. ಈಗ ಅಪ್ಪನ ಎಲೆ ವ್ಯಾಪಾರ ನೋಡಿಕೊಳ್ಳುತ್ತಾನೆ. ನಾನೂ ಅವನೂ ಮಾತಾಡುವುದು ಅಪರೂಪ. ರಂಜಾನಿಗೆ, ದೀಪಾವಳಿಗೆ ಒಂದೊಂದು ಫೋನು.

ನಾನು ನೌಕರಿಯಲ್ಲೇ ಇದ್ದೇನೆ. ಶಾಲೆ ಎಂದ ಮೇಲೆ ದಿನಕ್ಕೊಬ್ಬರು ಏನಾದರೂ ಕೇಳಿಕೊಂಡು ಬರುತ್ತಾರೆ. ಹಾಜರಿ ಕಡಿಮೆಯಾದವರು, ಫಾರ್ಮ್ ತುಂಬುವ ದಿನ ಮೀರಿದವರು. ಯಾರಿಗೂ ಆಗಂಗಿಲ್ಲ ಎಂದು ನಾನಾಗಿಯೇ ಹೇಳಿ ಕಳಿಸುವುದಿಲ್ಲ. ಅವರ ಎದುರಿಗೇ ಮೇಲಿನವರಿಗೆ ಫೋನು ಹಚ್ಚುತ್ತೇನೆ. ಬಹಳ ಸಲ ಅವರೂ ಆಗುವುದಿಲ್ಲ ಎನ್ನುತ್ತಾರೆ, ಕೆಲವು ಸಲ ಬೈಯುತ್ತಾರೆ. ಬಂದವರು ಬರಿಗೈಯಲ್ಲೇ ಹೋಗುತ್ತಾರೆ. ಆದರೆ ಅವರ ಪರವಾಗಿ ಒಬ್ಬ ಕೇಳಿದ ಎಂಬುದನ್ನು ನೋಡಿ ಹೋಗುತ್ತಾರೆ. ಆ ಮೇ ತಿಂಗಳ ಮಧ್ಯಾಹ್ನ, ಒಡೆದ ಹಿಮ್ಮಡಿಯಲ್ಲಿ ನನ್ನೆದುರು ನಿಂತವನಿಗೆ ನಾನು ಅಷ್ಟನ್ನೂ ಮಾಡಲಿಲ್ಲ.